ಬಿ. ವಿ. ಶ್ರೀಕಂಠನ್

ಬದನವಾಳು ವೆಂಕಟಸುಬ್ಬ ಶ್ರೀಕಂಠನ್ (30 ಜೂನ್ 1925 – 27 ಅಕ್ಟೋಬರ್ 2019). ನಂಜನಗೂಡು ಸೀಮೆಯಲ್ಲಿ ಹುಟ್ಟಿದ ಭೌತವಿಜ್ಞಾನಿ, ಭಾರತದಲ್ಲಿ ವಿಶ್ವಕಿರಣ ಸಂಶೋಧನೆಯನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಮೊದಲ ಬಾರಿಗೆ ಗುರುತಿಸಿದ ತಂಡದ ಸದಸ್ಯರು. ಊಟಿಯ ವಿಶ್ವಕಿರಣ ಪ್ರಯೋಗಾಲಯದ ಬೆಳವಣಿಗೆಯಲ್ಲೂ, ನಮ್ಮ ದೇಶದ ಎಕ್ಸ್-ಕಿರಣ ಮತ್ತು ಗ್ಯಾಮಾ ಕಿರಣ ಖಗೋಳವಿಜ್ಞಾನದ ಆರಂಭದಲ್ಲೂ ಇವರ ಕೈ ಇದೆ. 1975ರಿಂದ 1987ರವರೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ (ಟಿಐಎಫ್ಆರ್) ನಿರ್ದೇಶಕರಾಗಿದ್ದರು. 1988ರಲ್ಲಿ ಪದ್ಮಭೂಷಣ ಪ್ರಶಸ್ತಿ ಪಡೆದರು.

ಶ್ರೀಕಂಠನ್ ಅವರ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಉಪಕರಣ ಎಷ್ಟು ಮುಖ್ಯವೋ ಅದನ್ನು ಇಡುವ ಜಾಗವೂ ಅಷ್ಟೇ ಮುಖ್ಯ ಎಂಬುದನ್ನು ಅವರು ಮೊದಲಿನಿಂದಲೂ ಬಲ್ಲವರಾಗಿದ್ದರು. ದೊಡ್ಡ ಕಣ ವೇಗವರ್ಧಕ ಕಟ್ಟುವಷ್ಟು ಹಣ ಆಗಿನ ಭಾರತದಲ್ಲಿ ಇರಲಿಲ್ಲ. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲೊಂದು ಇತ್ತು, ನೀಲಗಿರಿಯಂಥ ಎತ್ತರ ಇತ್ತು, ಹೈದರಾಬಾದಿನ ಮೇಲೆ ಬಲೂನು ಹಾರಿಸಲು ತಕ್ಕ ಆಕಾಶ ಇತ್ತು. ಈ ಮೂರನ್ನೂ ಪ್ರಯೋಗಾಲಯ ಮಾಡಿಕೊಂಡದ್ದೇ ಅವರ ತಲೆಮಾರಿನ ಹೆಚ್ಚುಗಾರಿಕೆ. ಆ ಮೂರರಲ್ಲೂ ಕೆಲಸ ಮಾಡಿದವರು ಬಹಳ ಕಡಿಮೆ.

ಹಿನ್ನೆಲೆ

ಬಾಹ್ಯಾಕಾಶದಿಂದ ಭೂಮಿಯ ಮೇಲೆ ಸದಾ ಎರಗುತ್ತಿರುವ ವೇಗದ ಕಣಗಳೇ ವಿಶ್ವಕಿರಣಗಳು. 1912ರಲ್ಲಿ ಆಸ್ಟ್ರಿಯದ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಕಿಲೋಮೀಟರಿಗೂ ಮೇಲೆ ಏರಿ ಹೋದಾಗ ವಿಕಿರಣ ಕಡಿಮೆಯಾಗುವ ಬದಲು ಹೆಚ್ಚಾಗುವುದನ್ನು ಕಂಡರು. ವಿಕಿರಣದ ಮೂಲ ನೆಲದಲ್ಲಿಲ್ಲ, ಮೇಲಿದೆ ಎಂಬುದು ಹಾಗೆ ಗೊತ್ತಾಯಿತು. ಈ ಕಣಗಳಲ್ಲಿ ಹೆಚ್ಚಿನವು ಪ್ರೋಟಾನುಗಳು. ಅವು ಗಾಳಿಯ ಪರಮಾಣುಗಳ ನ್ಯೂಕ್ಲಿಯಸ್‌ಗೆ ಬಡಿದು ಹೊಸ ಕಣಗಳನ್ನು ಹುಟ್ಟಿಸುತ್ತವೆ, ಅವುಗಳಲ್ಲಿ ಹಲವು ಮುಂದೆ ಸಾಗುತ್ತ ಒಡೆದು ಮ್ಯೂಆನ್ ಮತ್ತು ನ್ಯೂಟ್ರಿನೊಗಳಾಗುತ್ತವೆ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೂಲಕ ನಿಮಿಷಕ್ಕೆ ಸರಿಸುಮಾರು ಒಂದು ಮ್ಯೂಆನ್ ಹಾದುಹೋಗುತ್ತದೆ. 1950ರ ದಶಕದಲ್ಲಿ ದೊಡ್ಡ ವೇಗವರ್ಧಕಗಳು ಬರುವವರೆಗೆ ಹೊಸ ಕಣಗಳನ್ನು ಹುಡುಕುವವರಿಗೆ ವಿಶ್ವಕಿರಣವೇ ಮುಖ್ಯ ಆಕರವಾಗಿತ್ತು. ಪಾಸಿಟ್ರಾನ್, ಮ್ಯೂಆನ್, ಪಯಾನ್ ಮೂರೂ ಸಿಕ್ಕಿದ್ದು ಅದರಲ್ಲೇ.

ಭಾರತದಲ್ಲಿ ಈ ವಿಷಯಕ್ಕೆ ಬಲ ಬಂದದ್ದು ಹೋಮಿ ಭಾಭಾ ಅವರಿಂದ. 1939ರಲ್ಲಿ ರಜೆಗೆಂದು ತಾಯ್ನಾಡಿಗೆ ಬಂದಿದ್ದ ಅವರು ಯುದ್ಧದ ಕಾರಣ ಇಲ್ಲೇ ಉಳಿದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನೆ ಆರಂಭಿಸಿದರು. 1945ರಲ್ಲಿ ಟಿಐಎಫ್ಆರ್ ಸ್ಥಾಪನೆಯಾದದ್ದೂ ಅಲ್ಲೇ. ಆ ವರ್ಷದ ಕೊನೆಗೆ ಅದು ಮುಂಬಯಿಗೆ ಹೋಯಿತು.

ಶ್ರೀಕಂಠನ್ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನ ಓದಿದರು. ಎಂ.ಎಸ್ಸಿ.ಗೆ ಅವರು ಆರಿಸಿಕೊಂಡ ವಿಶೇಷ ವಿಷಯ ವೈರ್‌ಲೆಸ್. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಸಂಶೋಧನೆ ಮಾಡಿ 1948ರಲ್ಲಿ ಟಿಐಎಫ್ಆರ್ ಸೇರಿದರು. ವೈರ್‌ಲೆಸ್ ಕಲಿತದ್ದು ವ್ಯರ್ಥವಾಗಲಿಲ್ಲ. ಬೇಕಾದ ಎಲೆಕ್ಟ್ರಾನಿಕ್ ಉಪಕರಣವನ್ನು ಸಂಶೋಧಕರು ತಾವೇ ಮಾಡಿಕೊಳ್ಳಬೇಕಾಗಿದ್ದ ಕಾಲ ಅದು. ಗೈಗರ್ ಕೌಂಟರುಗಳ ಮಂಡಲಗಳನ್ನು ಕಟ್ಟಬಲ್ಲ ಯುವಕ ಯಾವ ಸೈದ್ಧಾಂತಿಕ ಪಂಡಿತನಿಗಿಂತಲೂ ಕಡಿಮೆ ಬೆಲೆಯವನಾಗಿರಲಿಲ್ಲ.

ಕೋಲಾರದ ಆಳ

ಮ್ಯೂಆನುಗಳು ನೆಲದೊಳಗೆ ಎಷ್ಟು ದೂರ ಹೋಗುತ್ತವೆ, ಆಳಕ್ಕೆ ಇಳಿದಂತೆ ಅವುಗಳ ಸಂಖ್ಯೆ ಹೇಗೆ ಇಳಿಯುತ್ತದೆ ಎಂಬುದು ಭಾಭಾ ಅವರನ್ನು ಕಾಡುತ್ತಿದ್ದ ಪ್ರಶ್ನೆ. ಅದಕ್ಕೆ ಉತ್ತರ ಸಿಗಬಹುದಾದ ಜಾಗ ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರಿನಲ್ಲಿತ್ತು. ಕೋಲಾರ ಗೋಲ್ಡ್ ಫೀಲ್ಡ್ಸ್‌ನ (ಕೆಜಿಎಫ್) ಚಾಂಪಿಯನ್ ರೀಫ್ ಗಣಿ ಆಗ ಸುಮಾರು ಮೂರು ಕಿಲೋಮೀಟರ್ ಆಳ ಮುಟ್ಟಿತ್ತು. 1950ರ ದಶಕದ ಆರಂಭದಲ್ಲಿ ಶ್ರೀಕಂಠನ್ ಉಪಕರಣಗಳೊಡನೆ ಕೆಜಿಎಫ್‌ಗೆ ಬಂದು, ಗಣಿಯ ಬೇರೆಬೇರೆ ಆಳಗಳಲ್ಲಿ ಮ್ಯೂಆನುಗಳನ್ನು ಎಣಿಸಿದರು. ಅವರ ಪಿಎಚ್.ಡಿ. ಕೆಲಸ ಇದೇ. ಭಾಭಾ ಅವರೇ ಮಾರ್ಗದರ್ಶಕರು.

ಈ ಗಣಿ ವಿಜ್ಞಾನಕ್ಕೆ ಒದಗಿ ಬಂದದ್ದು ಬರೀ ಆಳದಿಂದಲ್ಲ. ಮೇಲಿನ ನೆಲ ಹೆಚ್ಚು ಏರಿಳಿತ ಇಲ್ಲದ ಬಯಲು, ಹೀಗಾಗಿ ತಲೆಯ ಮೇಲೆ ಎಷ್ಟು ಬಂಡೆ ಇದೆ ಎಂಬ ಲೆಕ್ಕ ಖಚಿತವಾಗಿ ಸಿಗುತ್ತದೆ. ಬಂಡೆ ಭಾರವಾದದ್ದು, ನೀರಿನ ಮೂರು ಪಟ್ಟು ಸಾಂದ್ರತೆಯದು. 2.3 ಕಿಲೋಮೀಟರ್ ಬಂಡೆ ಸುಮಾರು 7 ಕಿಲೋಮೀಟರ್ ನೀರಿಗೆ ಸಮ. 1902ರಿಂದಲೂ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬರುತ್ತಿತ್ತು. ಕೇಜ್ ಇತ್ತು, ಶಾಫ್ಟ್ ಇತ್ತು, ಆಳದಲ್ಲಿ ದಿನವೂ ದುಡಿದು ಪಳಗಿದ ಕಾರ್ಮಿಕರು ಇದ್ದರು. ಅವರ ನೆರವಿಲ್ಲದೆ ಸೀಸದ ತಗಡು, ಕಬ್ಬಿಣದ ಹಲಗೆಗಳನ್ನು ಕೆಳಗಿನ ಲೆವೆಲ್‌ಗಳಿಗೆ ಇಳಿಸಿ ಜೋಡಿಸುವುದು ಆಗದ ಮಾತು. ಕೆಜಿಎಫ್ ಪ್ರಯೋಗಗಳ ಚರಿತ್ರೆಯಲ್ಲಿ ಆ ಕಾರ್ಮಿಕರಿಗೆ ಇನ್ನೂ ಸಲ್ಲಬೇಕಾದ ಗೌರವ ಇದೆ. ಆಳದ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು, ತಂಪು ಗಾಳಿ ಊದದೆ ನಿಲ್ಲುವಂತಿರಲಿಲ್ಲ. ಮೇಲಿನ ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವ ರಾಕ್ ಬರ್ಸ್ಟ್‌ನ ಭಯವಂತೂ ಇದ್ದೇ ಇತ್ತು.

ಅಳತೆಗಳು ದಶಕವಿಡೀ ಮುಂದುವರಿದವು. 1960ರ ಆಸುಪಾಸಿನಲ್ಲಿ ಜಪಾನಿನ ಒಸಾಕ ನಗರ ವಿಶ್ವವಿದ್ಯಾನಿಲಯದ ಎಸ್. ಮಿಯಾಕೆ, ಟಿಐಎಫ್ಆರ್‌ನ ವಿ. ಎಸ್. ನರಸಿಂಹಮ್ ಮತ್ತು ಪಿ. ವಿ. ರಮಣಮೂರ್ತಿ ಇನ್ನಷ್ಟು ಕೆಳಗೆ ಇಳಿದರು. ಅವರು ತಲುಪಿದ ಅತ್ಯಂತ ಆಳದ ನೆಲೆ ಸುಮಾರು 2.7 ಕಿಲೋಮೀಟರಿನದು. ಅಲ್ಲಿ ಎರಡು ತಿಂಗಳು ಉಪಕರಣ ನಡೆಸಿದರೂ ಒಂದೇ ಒಂದು ಮ್ಯೂಆನ್ ದಾಖಲಾಗಲಿಲ್ಲ.

ಈ ಸೊನ್ನೆಯೇ ಮುಂದಿನ ಎಲ್ಲಕ್ಕೂ ಅಡಿಪಾಯ. ಮ್ಯೂಆನುಗಳ ಗದ್ದಲ ಅಷ್ಟು ಅಡಗಿದ ಮೇಲೆ, ಅಲ್ಲಿ ಕಾಣುವ ಕಣ ಮೇಲಿನಿಂದ ಬಂಡೆಯನ್ನು ತೂರಿ ಬಂದ ಮ್ಯೂಆನ್ ಆಗಿರುವ ಸಾಧ್ಯತೆ ಬಹಳ ಕಡಿಮೆ. ನ್ಯೂಟ್ರಿನೊಗೆ ವಿದ್ಯುದಾವೇಶವಿಲ್ಲ, ಭೂಮಿಯನ್ನೇ ತೂರಿ ಹೋಗಬಲ್ಲದು. ಎಲ್ಲೋ ಅಪರೂಪಕ್ಕೆ ಒಂದು ಬಂಡೆಯ ನ್ಯೂಕ್ಲಿಯಸ್‌ಗೆ ಬಡಿದು ಮ್ಯೂಆನ್ ಹುಟ್ಟಿಸುತ್ತದೆ. ಆ ಮ್ಯೂಆನನ್ನು ಹಿಡಿದರೆ ನ್ಯೂಟ್ರಿನೊ ಬಂದುಹೋದದ್ದಕ್ಕೆ ಸಾಕ್ಷಿ ಸಿಕ್ಕಂತೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ನೆಲದಾಳದಲ್ಲಿ ಹುಡುಕಬಹುದೆಂದು ಸೋವಿಯತ್ ಒಕ್ಕೂಟದ ಎಂ. ಎ. ಮಾರ್ಕೊವ್, ಅಮೆರಿಕದ ಕೆನೆತ್ ಗ್ರೈಸನ್ 1960ರ ಹೊತ್ತಿಗೆ ಸೂಚಿಸಿದ್ದರು. ಎಂ. ಜಿ. ಕೆ. ಮೆನನ್, ಶ್ರೀಕಂಠನ್, ರಮಣಮೂರ್ತಿ, ಮಿಯಾಕೆ ಸೇರಿ ಕೆಜಿಎಫ್‌ನಲ್ಲಿ ಅದನ್ನು ಮಾಡಿ ತೋರಿಸುವ ಯೋಜನೆ ಹಾಕಿದರು. ಬ್ರಿಟನ್ನಿನ ಡರ್ಹಂ ವಿಶ್ವವಿದ್ಯಾನಿಲಯದ ಎ. ಡಬ್ಲ್ಯು. ವುಲ್ಫೆಂಡೇಲ್ ತಂಡವೂ ಜೊತೆಯಾಯಿತು.

ಉಪಕರಣವನ್ನು ಇಟ್ಟದ್ದು ಸುಮಾರು 2.3 ಕಿಲೋಮೀಟರ್ ಆಳದಲ್ಲಿ. ಅಲ್ಲಿಗೆ ಇಳಿದು ಬರುವ ಮ್ಯೂಆನುಗಳು ನೆಲದ ಮೇಲಿನವುಗಳ ಕೋಟಿಯಲ್ಲಿ ಒಂದಂಶಕ್ಕಿಂತಲೂ ಕಡಿಮೆ. ಬಂದವು ಕೂಡ ಹೆಚ್ಚುಕಡಿಮೆ ನೆಟ್ಟಗೆ ಮೇಲಿನಿಂದ ಇಳಿಯುತ್ತವೆ, ಏಕೆಂದರೆ ಓರೆಯಾಗಿ ಬರುವುದಕ್ಕೆ ಇನ್ನೂ ಹೆಚ್ಚು ಬಂಡೆ ದಾಟಬೇಕು. ನ್ಯೂಟ್ರಿನೊಗಳಿಗೆ ಇಂಥ ಕಟ್ಟಿಲ್ಲ, ಎಲ್ಲ ದಿಕ್ಕಿನಿಂದಲೂ ಬರುತ್ತವೆ. ಆದ್ದರಿಂದ ಶೋಧಕಗಳನ್ನು ನೆಲದ ಮೇಲೆ ಹಾಸದೆ ಗೋಡೆಯಂತೆ ಎದುರುಬದುರು ನಿಲ್ಲಿಸಿದರು: ಪ್ಲಾಸ್ಟಿಕ್ ಸಿಂಟಿಲೇಟರುಗಳು, ನಡುವೆ ಸೀಸ, ಕಣದ ಜಾಡು ತೋರಿಸಲು ನಿಯಾನ್ ಫ್ಲ್ಯಾಶ್ ಟ್ಯೂಬುಗಳು. ಅಡ್ಡಡ್ಡವಾಗಿ ಎರಡೂ ಗೋಡೆಗಳನ್ನು ದಾಟಿದ ಕಣವೇ ಅವರಿಗೆ ಬೇಕಾದದ್ದು. ಸರಳವಾದ, ನೇರವಾದ ಈ ವಿನ್ಯಾಸ ಹಲವು ವರ್ಷಗಳ ಮ್ಯೂಆನ್ ಎಣಿಕೆಯಿಂದ ಬಂದ ತಿಳಿವಳಿಕೆಯ ಫಲ.

ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ, 3.2 ಕಿಲೋಮೀಟರ್ ಆಳದಲ್ಲಿ, ಫ್ರೆಡರಿಕ್ ರೈನ್ಸ್ ನೇತೃತ್ವದ ತಂಡ ಅದೇ ಹುಡುಕಾಟ ನಡೆಸಿತ್ತು. ರೈನ್ಸ್ ತಂಡಕ್ಕೆ ಮೊದಲ ಘಟನೆ ಸಿಕ್ಕಿದ್ದು 1965ರ ಫೆಬ್ರವರಿ 23ರಂದು. ಕೆಜಿಎಫ್ ತಂಡದ ಪ್ರಬಂಧ ಪತ್ರಿಕೆಯ ಕೈಸೇರಿದ್ದು ಜುಲೈ 12ಕ್ಕೆ, ರೈನ್ಸ್ ಅವರದು ಜುಲೈ 26ಕ್ಕೆ. ಎರಡೂ ಆಗಸ್ಟ್‌ನಲ್ಲಿ ಪ್ರಕಟವಾದವು, ಕೆಜಿಎಫ್ ಪ್ರಬಂಧ ಮೊದಲು. ಯಾರು ಮೊದಲಿಗರು ಎಂಬ ವಾದಕ್ಕೆ ಇಳಿಯುವ ಅಗತ್ಯವಿಲ್ಲ. ಎರಡು ಖಂಡಗಳ ಎರಡು ಗಣಿಗಳು ಒಂದೇ ವರ್ಷ ಒಂದೇ ಮಾತು ಹೇಳಿದ್ದರಿಂದ ಫಲಿತಾಂಶಕ್ಕೆ ಬಲ ಬಂತು. ಆದರೂ ಪ್ರಕಟಣೆಯಲ್ಲಿ ಮೊದಲು ಬಂದ ಶೋಧ ಕರ್ನಾಟಕದ ನೆಲದೊಳಗೆ ಆದದ್ದು ಎಂಬುದು ನಮ್ಮ ಶಾಲಾ ಪುಸ್ತಕಗಳಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಾದ ಸಂಗತಿ.

ವಾತಾವರಣದ ನ್ಯೂಟ್ರಿನೊಗಳನ್ನು ಅನಂತರ ಜಗತ್ತಿನ ಹಲವೆಡೆ ಅಳೆದರು. 1998ರಲ್ಲಿ ಜಪಾನಿನ ಸೂಪರ್-ಕಾಮಿಯೊಕಾಂಡೆ ಪ್ರಯೋಗ ಈ ನ್ಯೂಟ್ರಿನೊಗಳು ದಾರಿಯಲ್ಲಿ ಒಂದು ಬಗೆಯಿಂದ ಇನ್ನೊಂದು ಬಗೆಗೆ ಮಾರ್ಪಡುತ್ತವೆಂದು ತೋರಿಸಿತು. ಅವಕ್ಕೆ ದ್ರವ್ಯರಾಶಿ ಇದೆ ಎಂಬುದಕ್ಕೆ ಅದು ಗಟ್ಟಿ ಪುರಾವೆಯಾಯಿತು. 2015ರ ನೊಬೆಲ್ ಪ್ರಶಸ್ತಿಯ ಹಿಂದಿರುವ ಈ ಕೆಲಸದ ವಂಶಾವಳಿ ಹುಡುಕಿ ಹೋದರೆ ಚಾಂಪಿಯನ್ ರೀಫ್ ಸಿಗುತ್ತದೆ.

ಪ್ರೋಟಾನಿನ ಆಯುಸ್ಸು

1970ರ ದಶಕದಲ್ಲಿ ಸಿದ್ಧಾಂತಿಗಳು ಮಂಡಿಸಿದ ಮಹಾಏಕೀಕರಣ ಸಿದ್ಧಾಂತಗಳು ಪ್ರೋಟಾನ್ ಶಾಶ್ವತವಲ್ಲ, ಬಹಳ ದೀರ್ಘಕಾಲದಲ್ಲಿ ಅದೂ ಒಡೆಯುತ್ತದೆ ಎಂದು ಹೇಳಿದವು. ಇದನ್ನು ಪರೀಕ್ಷಿಸಲೆಂದೇ ಕಟ್ಟಿದ ಮೊದಲ ಭೂಗತ ಶೋಧಕ ಕೆಜಿಎಫ್‌ನದು. ಕಬ್ಬಿಣದ ಹಲಗೆಗಳ ನಡುವೆ ಪ್ರೊಪೋರ್ಷನಲ್ ಕೌಂಟರುಗಳನ್ನು ಪದರಪದರವಾಗಿ ಪೇರಿಸಿ ಮಾಡಿದ 140 ಟನ್ನಿನ ಈ ಉಪಕರಣ 1980ರ ಕೊನೆಯಲ್ಲಿ ಕೆಲಸ ಆರಂಭಿಸಿತು. 1980ರ ದಶಕದ ಮಧ್ಯದಲ್ಲಿ ಇನ್ನೂ ದೊಡ್ಡದೊಂದು, ಸ್ವಲ್ಪ ಮೇಲಿನ ನೆಲೆಯಲ್ಲಿ, ಅದಕ್ಕೆ ಜೊತೆಯಾಯಿತು. ಎಂ. ಆರ್. ಕೃಷ್ಣಸ್ವಾಮಿ, ಮೆನನ್, ನರಸಿಂಹಮ್, ನಬ ಮಂಡಲ್, ಶ್ರೀಕಂಠನ್ ಮತ್ತು ಜಪಾನಿನ ಸಹೋದ್ಯೋಗಿಗಳು ಪ್ರೋಟಾನ್ ಕ್ಷಯ ಎನ್ನಬಹುದಾದ ಕೆಲವು ಘಟನೆಗಳನ್ನು ವರದಿ ಮಾಡಿದರು. ಅಮೆರಿಕ, ಜಪಾನಿನಲ್ಲಿ ಕಟ್ಟಿದ ಸಾವಿರಾರು ಟನ್ ನೀರಿನ ಶೋಧಕಗಳು ಅದನ್ನು ಸಮರ್ಥಿಸಲಿಲ್ಲ. ಪ್ರೋಟಾನ್ ಒಡೆಯುವುದನ್ನು ಇಂದಿಗೂ ಯಾರೂ ಕಂಡಿಲ್ಲ. ಅದರ ಆಯುಸ್ಸು 10ರ ಘಾತ 34 ವರ್ಷಗಳಿಗಿಂತ ಹೆಚ್ಚು ಎಂಬ ಮಿತಿ ಈಗ ಇದೆ.

1970ರ ದಶಕದಲ್ಲಿ ಕೆಜಿಎಫ್ ಗುಂಪು ಪ್ರಕಟಿಸಿದ, ಹಲವು ಜಾಡುಗಳು ಗಾಳಿಯಲ್ಲಿನ ಒಂದು ಬಿಂದುವಿನಿಂದ ಹೊರಟಂತೆ ಕಾಣುವ ವಿಚಿತ್ರ ಘಟನೆಗಳೂ ಹೀಗೆಯೇ ಉಳಿದಿವೆ. ಕೋಲಾರ ಘಟನೆಗಳು ಎಂದೇ ಅವು ಹೆಸರಾದವು, ಬೇರೆಡೆ ಮತ್ತೆ ಕಾಣಲಿಲ್ಲ. ಇಂಥವನ್ನು ಸೋಲು ಎಂದು ಬದಿಗಿಡುವುದು ಸರಿಯಲ್ಲ. ಕಂಡದ್ದನ್ನು ಕಂಡಂತೆ ಬರೆದಿಟ್ಟು ಉಳಿದವರ ಪರೀಕ್ಷೆಗೆ ಒಡ್ಡಿದ ತಂಡ ಅದು. ಭೂಗತ ಪ್ರಯೋಗಗಳು 1992ರಲ್ಲಿ ನಿಂತವು, ಗಣಿ 2001ರಲ್ಲಿ ಮುಚ್ಚಿತು.

ಊಟಿಯ ಎತ್ತರ

ಶ್ರೀಕಂಠನ್ 1950ರ ದಶಕದ ಮಧ್ಯದಲ್ಲಿ ಅಮೆರಿಕದ ಎಂಐಟಿಯಲ್ಲಿ ಬ್ರೂನೊ ರಾಸಿ ಅವರ ವಿಶ್ವಕಿರಣ ಗುಂಪಿನಲ್ಲಿದ್ದರು. ಆಗಷ್ಟೇ ಗುರುತಿಗೆ ಬರುತ್ತಿದ್ದ ಕೆ-ಮೆಸಾನ್ ಮೊದಲಾದ ಹೊಸ ಕಣಗಳನ್ನು ಕ್ಲೌಡ್ ಚೇಂಬರಿನಲ್ಲಿ ಅಭ್ಯಾಸ ಮಾಡುತ್ತಿದ್ದ ಗುಂಪು ಅದು. ಮರಳಿ ಬಂದ ಮೇಲೆ ಅವರ ಗಮನ ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದ ಊಟಿಯ ಕಡೆ ಹೊರಳಿತು. ಟಿಐಎಫ್ಆರ್ ಅಲ್ಲಿ ಸ್ಥಾಪಿಸಿದ ಬಹುಫಲಕ ಕ್ಲೌಡ್ ಚೇಂಬರ್ ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡವುಗಳ ಸಾಲಿಗೆ ಸೇರಿದ್ದು.

ಅತಿ ಶಕ್ತಿಯ ಒಂದು ಕಣ ವಾತಾವರಣದ ತುದಿಯಲ್ಲಿ ಬಡಿದಾಗ ಸರಣಿಯಾಗಿ ಲಕ್ಷಾಂತರ ಕಣಗಳು ಹುಟ್ಟಿ ತೆಳುವಾದ ತಟ್ಟೆಯ ಆಕಾರದಲ್ಲಿ ನೆಲಕ್ಕೆ ಇಳಿಯುತ್ತವೆ. ಇದಕ್ಕೆ ವಿಸ್ತೃತ ವಾಯುವೃಷ್ಟಿ ಎಂದು ಹೆಸರು. ಬೆಟ್ಟದ ಮೇಲೆ ಶೋಧಕಗಳನ್ನು ದೂರದೂರ ಹರಡಿಟ್ಟು ಈ ವೃಷ್ಟಿಯನ್ನು ಹಿಡಿದರೆ ಮೊದಲ ಕಣದ ಶಕ್ತಿ, ದಿಕ್ಕುಗಳನ್ನು ಲೆಕ್ಕ ಹಾಕಬಹುದು. ಊಟಿಯ ಪ್ರಯೋಗಗಳ ವಿಶೇಷವೆಂದರೆ ಈ ಹರಹಿನ ಜೊತೆಗೆ ವೃಷ್ಟಿಯ ನಡುವಿನ ಪ್ರಬಲ ಕಣಗಳಾದ ಹ್ಯಾಡ್ರಾನುಗಳನ್ನೂ ದೊಡ್ಡ ಉಪಕರಣಗಳಿಂದ ಅಳೆದದ್ದು.

ಇಲ್ಲಿ ಶ್ರೀಕಂಠನ್, ಎಸ್. ಸಿ. ತೊನ್ವರ್ ಮತ್ತು ಅವರ ಜೊತೆಗಾರರು ಮಾಡಿದ ಒಂದು ಪ್ರಯೋಗ ವಿವರವಾಗಿ ಹೇಳುವಂಥದು. ವೃಷ್ಟಿಯ ಮುಂಭಾಗ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಬರುತ್ತದೆ. ಪ್ರೋಟಾನ್, ನ್ಯೂಟ್ರಾನಿನಂಥ ಭಾರದ ಕಣಗಳು ಶಕ್ತಿ ಕಡಿಮೆಯಿದ್ದಾಗ ಸ್ವಲ್ಪ ನಿಧಾನ, ಹೀಗಾಗಿ ಕೆಲವು ಹತ್ತು ನ್ಯಾನೊಸೆಕೆಂಡು ಹಿಂದೆ ಬೀಳುತ್ತವೆ. ಈ ಹಿಂಬೀಳುವ ಕಣಗಳನ್ನು ಎಣಿಸಿ ಆ ಗುಂಪು ಒಂದು ತೀರ್ಮಾನಕ್ಕೆ ಬಂತು: ಅತಿ ಶಕ್ತಿಯ ಡಿಕ್ಕಿಗಳಲ್ಲಿ ನ್ಯೂಕ್ಲಿಯಾನ್ ಮತ್ತು ಪ್ರತಿನ್ಯೂಕ್ಲಿಯಾನ್ ಜೋಡಿಗಳು ಹುಟ್ಟುವ ಪ್ರಮಾಣ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು. ಆ ಶಕ್ತಿಗಳನ್ನು ಮುಟ್ಟುವ ವೇಗವರ್ಧಕ ಆಗಿನ್ನೂ ಬಂದಿರಲಿಲ್ಲ. ಮುಂದೆ ಸರ್ನ್‌ನ ವೇಗವರ್ಧಕದ ಅಳತೆಗಳಲ್ಲಿ ಈ ಏರಿಕೆ ಕಂಡುಬಂತು. ಕೋಟ್ಯಂತರ ಹಣದ ಯಂತ್ರ ಹೇಳುವ ಮೊದಲೇ ಬೆಟ್ಟದ ಮೇಲಿನ ಒಂದು ಗುಂಪು, ಕಾಲವನ್ನು ನ್ಯಾನೊಸೆಕೆಂಡಿನ ಮಟ್ಟಕ್ಕೆ ಎಚ್ಚರದಿಂದ ಅಳೆದು, ಇದನ್ನು ಹೇಳಿತ್ತು. ಗಣಿಯ ಕೆಲಸಕ್ಕೆ ಸಿಕ್ಕ ಹೆಸರು ಇದಕ್ಕೆ ಸಿಕ್ಕಿಲ್ಲ. ಭೌತವಿಜ್ಞಾನದ ಸೂಕ್ಷ್ಮದಲ್ಲಿ ಇದು ಅದಕ್ಕೆ ಸರಿಸಾಟಿ ಎಂದೇ ಹೇಳಬೇಕು.

ಅದೇ ಪ್ರಯೋಗಾಲಯದಲ್ಲಿ ಈಗ ನಡೆಯುತ್ತಿರುವುದು ಭಾರತ–ಜಪಾನ್ ಸಹಯೋಗದ ಗ್ರೇಪ್ಸ್-3 ಪ್ರಯೋಗ. ಅದರ 560 ಚದರ ಮೀಟರಿನ ಮ್ಯೂಆನ್ ದೂರದರ್ಶಕ 2014ರ ಡಿಸೆಂಬರ್ 1ರಂದು ಹಾದುಹೋದ ಗುಡುಗುಮೋಡವೊಂದರಲ್ಲಿ 1.3 ಶತಕೋಟಿ ವೋಲ್ಟ್‌ನಷ್ಟು ವಿದ್ಯುತ್ ವಿಭವ ಇದ್ದದ್ದನ್ನು ಕಂಡುಹಿಡಿಯಿತು. ಈ ಫಲಿತಾಂಶ ಪ್ರಕಟವಾದದ್ದು 2019ರಲ್ಲಿ, ಶ್ರೀಕಂಠನ್ ಅವರ ಬದುಕಿನ ಕೊನೆಯ ವರ್ಷ.

ಬಲೂನು, ರಾಕೆಟ್ಟು, ಮಂದ ಬೆಳಕು

1962ರಲ್ಲಿ ರಿಕಾರ್ಡೊ ಜಕೋನಿ ತಂಡ ವೃಶ್ಚಿಕ ರಾಶಿಯಲ್ಲಿ ಎಕ್ಸ್-ಕಿರಣ ಸೂಸುವ ಆಕರವೊಂದನ್ನು ರಾಕೆಟ್ ಪ್ರಯೋಗದಿಂದ ಪತ್ತೆ ಮಾಡಿತ್ತು. ಸ್ಕೊ ಎಕ್ಸ್-1 ಎಂಬ ಈ ಆಕರ ಯಾವ ನಕ್ಷತ್ರ ಎಂಬುದು ಮಾತ್ರ ತಿಳಿದಿರಲಿಲ್ಲ, ಏಕೆಂದರೆ ಅದರ ಸ್ಥಾನದ ಅಳತೆ ಒರಟಾಗಿತ್ತು. 1966ರ ಮಾರ್ಚ್‌ನಲ್ಲಿ ಹಾರಿಸಿದ ರಾಕೆಟ್ಟಿನ ಉಪಕರಣ ಸ್ಥಾನವನ್ನು ಬಹಳ ನಿಖರವಾಗಿ ಗುರುತಿಸಿತು. ಆ ಜಾಗದಲ್ಲಿ ಟೋಕಿಯೊ ಮತ್ತು ಪಾಲೊಮಾರ್ ವೀಕ್ಷಣಾಲಯಗಳ ಖಗೋಳಜ್ಞರು 13ನೆಯ ಕಾಂತಿಮಾನದ ನೀಲಿ ನಕ್ಷತ್ರವೊಂದನ್ನು ಕಂಡರು. ಸೌರವ್ಯೂಹದಾಚೆಯ ಎಕ್ಸ್-ಕಿರಣ ನಕ್ಷತ್ರವೊಂದು ದೂರದರ್ಶಕಕ್ಕೆ ಸಿಕ್ಕಿದ್ದು ಅದೇ ಮೊದಲು. ಜಕೋನಿ, ಅಲನ್ ಸ್ಯಾಂಡೇಜ್, ಮಿನೊರು ಓಡ ಮೊದಲಾದವರ ಜೊತೆ, ಈ ಸ್ಥಾನದ ಅಳತೆ ಮತ್ತು ನಕ್ಷತ್ರದ ಪತ್ತೆಯನ್ನು ವರದಿ ಮಾಡಿದ ಎರಡೂ ಪ್ರಬಂಧಗಳ ಲೇಖಕರ ಪಟ್ಟಿಯಲ್ಲಿ ಶ್ರೀಕಂಠನ್ ಅವರ ಹೆಸರಿದೆ. ಆಗ ಅವರು ಎಂಐಟಿಯಲ್ಲಿದ್ದರು.

ದೇಶಕ್ಕೆ ಮರಳಿ ಅವರು ಟಿಐಎಫ್ಆರ್‌ನಲ್ಲಿ ಎಕ್ಸ್-ಕಿರಣ ಖಗೋಳವಿಜ್ಞಾನದ ಗುಂಪು ಕಟ್ಟಿದರು. 1968ರಲ್ಲಿ ಹೈದರಾಬಾದಿನಿಂದ ಬಲೂನು ಹಾರಿಸಿ ಅದೇ ಸ್ಕೊ ಎಕ್ಸ್-1ರ ಅಳತೆ ತೆಗೆದರು. ಆ ಗುಂಪಿನ ಪಿ. ಸಿ. ಅಗರವಾಲ್ ಮುಂದೆ 2015ರಲ್ಲಿ ಇಸ್ರೊ ಹಾರಿಸಿದ ಆಸ್ಟ್ರೊಸ್ಯಾಟ್ ಉಪಗ್ರಹದ ಉಪಕರಣಗಳ ಹಿಂದಿನ ಪ್ರಮುಖರಲ್ಲಿ ಒಬ್ಬರು.

ಗ್ಯಾಮಾ ಕಿರಣಗಳ ಹುಡುಕಾಟ ಇನ್ನೊಂದು ದಾರಿಯದು. ಗ್ಯಾಮಾ ಕಿರಣ ಗಾಳಿಗೆ ಬಡಿದಾಗ ಹುಟ್ಟುವ ಕಣಗಳು ಚೆರೆಂಕಾವ್ ಬೆಳಕು ಎಂಬ ಮಂದ ನೀಲಿ ಮಿನುಗನ್ನು ಚೆಲ್ಲುತ್ತವೆ. ಇದು ಕೆಲವೇ ನ್ಯಾನೊಸೆಕೆಂಡು ಇರುತ್ತದೆ, ಚಂದ್ರನಿಲ್ಲದ ತಿಳಿ ರಾತ್ರಿಯಲ್ಲಿ ಮಾತ್ರ ಹಿಡಿಯಬಹುದು. ಪಲ್ಸಾರುಗಳು ಪತ್ತೆಯಾದ ಬೆನ್ನಿಗೇ, 1969ರಲ್ಲಿ, ಊಟಿಯಲ್ಲಿ ಸರ್ಚ್‌ಲೈಟ್ ಕನ್ನಡಿಗಳನ್ನು ಬಳಸಿ ಈ ಕೆಲಸ ಶುರುವಾಯಿತು. ಆಮೇಲೆ ಮಧ್ಯಪ್ರದೇಶದ ಪಚ್‌ಮಢಿಗೆ, ಅಲ್ಲಿಂದ ಲಡಾಖಿನ ಹಾನ್ಲೆಗೆ ಸಾಗಿತು. ಹಾನ್ಲೆಯ ಹಗಾರ್ ದೂರದರ್ಶಕಗಳು ಸುಮಾರು 4,270 ಮೀಟರ್ ಎತ್ತರದಲ್ಲಿವೆ.

ನಿರ್ದೇಶಕ, ಆಮೇಲೆ ಬೆಂಗಳೂರು

ಭಾಭಾ 1966ರ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಮೆನನ್, ಅವರ ನಂತರ ಶ್ರೀಕಂಠನ್ ಟಿಐಎಫ್ಆರ್ ನಡೆಸಿದರು. ಅವರ ಹನ್ನೆರಡು ವರ್ಷಗಳಲ್ಲಿ ಗೋವಿಂದ ಸ್ವರೂಪ್ ಅವರ ದೈತ್ಯ ರೇಡಿಯೊ ದೂರದರ್ಶಕದ ಯೋಜನೆ ರೂಪುಗೊಂಡಿತು, ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದ ಜೊತೆಗಿನ ಪೆಲೆಟ್ರಾನ್ ವೇಗವರ್ಧಕದ ಕೆಲಸ ಸಾಗಿತು. ಆಡಳಿತದ ನಡುವೆಯೂ ಅವರ ಹೆಸರು ಸಂಶೋಧನ ಪ್ರಬಂಧಗಳಲ್ಲಿ ಬರುತ್ತಲೇ ಇತ್ತು.

1992ರಿಂದ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ (ನಿಯಾಸ್) ರಾಧಾಕೃಷ್ಣನ್ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಅವರ ಆಸಕ್ತಿ ವಿಜ್ಞಾನದ ತತ್ತ್ವ ಮತ್ತು ಪ್ರಜ್ಞೆಯ ಸ್ವರೂಪದ ಪ್ರಶ್ನೆಗಳತ್ತ ತಿರುಗಿತು. ಸಂಗೀತಾ ಮೆನನ್, ಅನಿಂದ್ಯ ಸಿನ್ಹ ಅವರೊಡನೆ ಪ್ರಜ್ಞೆ ಮತ್ತು ಆತ್ಮತೆಯ ಕುರಿತ ಬಹುಶಾಸ್ತ್ರೀಯ ಲೇಖನಗಳ ಸಂಪುಟವನ್ನು ಸಂಪಾದಿಸಿದರು. ಅದು 2014ರಲ್ಲಿ ಬಂತು. ಆಗ ಅವರಿಗೆ ತೊಂಬತ್ತರ ಹತ್ತಿರ. ಭಾರತೀಯ ಖಭೌತ ಸಂಸ್ಥೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿಯೂ ಕೆಲಸ ಮಾಡಿದ್ದರು. ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಹೋಮಿ ಭಾಭಾ ಪದಕ ಅವರಿಗೆ ಸಂದ ಗೌರವಗಳಲ್ಲೊಂದು. 94ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಮುಂದುವರಿಕೆ

ಕೆಜಿಎಫ್ ಮುಚ್ಚಿದ ಮೇಲೆ ಭಾರತಕ್ಕೆ ಆಳದ ನ್ಯೂಟ್ರಿನೊ ಪ್ರಯೋಗಾಲಯ ಇಲ್ಲದಂತಾಯಿತು. ಕೆಳಗಿನ ಲೆವೆಲ್‌ಗಳಿಗೆ ನೀರು ತುಂಬಿದೆ. ಅಷ್ಟು ಆಳದ ನೆಲೆ ಮತ್ತೆ ಸಿಗುವುದು ಸುಲಭವಲ್ಲ, ಅದನ್ನು ವಿಜ್ಞಾನಕ್ಕಾಗಿ ಉಳಿಸಿಕೊಳ್ಳದೆ ಹೋದದ್ದು ದೇಶಕ್ಕೆ ಆದ ದೊಡ್ಡ ನಷ್ಟ. ಪ್ರೋಟಾನ್ ಕ್ಷಯದ ಪ್ರಯೋಗದಲ್ಲಿ ಪಳಗಿದ ನಬ ಮಂಡಲ್ ಮುಂದಾಳಾಗಿ ರೂಪಿಸಿದ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯದ ಯೋಜನೆ ತಮಿಳುನಾಡಿನ ತೇಣಿ ಜಿಲ್ಲೆಯ ಬೆಟ್ಟವೊಂದರೊಳಗೆ, ಒಂದು ಕಿಲೋಮೀಟರಿಗೂ ಹೆಚ್ಚು ಬಂಡೆಯ ಹೊದಿಕೆಯಡಿ, 50,000 ಟನ್ ಕಬ್ಬಿಣದ ಶೋಧಕ ಕಟ್ಟುವ ಗುರಿ ಇಟ್ಟುಕೊಂಡಿತ್ತು. ಕಬ್ಬಿಣದ ಪದರ, ನಡುವೆ ಕಣ ಗುರುತಿಸುವ ಕೌಂಟರುಗಳು: ವಿನ್ಯಾಸದ ಮೂಲ ಕೆಜಿಎಫ್‌ನದೇ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆತರೂ ಸ್ಥಳೀಯ ವಿರೋಧ ಮತ್ತು ಪರಿಸರ ಅನುಮತಿಯ ತೊಡಕುಗಳಲ್ಲಿ ಅದು ಸಿಕ್ಕಿಕೊಂಡಿತು.